ಪಡಸಾಲೆ ಗೋಡೆಯ ಮೇಲೆ ನಮ್ಮ ರೊಟ್ಟಿ ಕೆಲಸ

2022ರ ಆಗಸ್ಟ್ ತಿಂಗಳು. ಬೆಂಗಳೂರಿನ ಒಂದು ಅಂಗಡಿಯಿಂದ ಫೋನ್ ಬಂತು. "ಡಬ್ಬ ತೆಗೆದ್ರೆ ಮುಗ್ಗಲು ವಾಸನೆ ಬರ್ತಿದೆ. ಅರ್ಧದಷ್ಟು ಮೆತ್ತಗಾಗಿವೆ. ಉಳಿದದ್ರಲ್ಲೂ ಎಷ್ಟೋ ಮುರಿದಿವೆ. ವಾಪಸ್ ಕಳಿಸ್ತೀವಿ."

ನಾವು ಕಳಿಸಿದ್ದು 600 ಖಡಕ್ ಜೋಳದ ರೊಟ್ಟಿ. ನಾಲ್ಕು ಜನ ಹೆಣ್ಣುಮಕ್ಕಳು ಎರಡು ಮುಂಜಾನೆ ಒಲೆ ಮುಂದೆ ಕೂತು ಬಡಿದ ರೊಟ್ಟಿ ಅವು. ಅವ್ವ ಒಂದೇ ಮಾತು ಕೇಳಿದಳು. "ಎಲ್ಲಿ ತಪ್ಪಾತು?"

ನನಗೆ ಉತ್ತರ ಗೊತ್ತಿರಲಿಲ್ಲ. ಹಿಟ್ಟಿನಲ್ಲಾ? ಬೇಯಿಸೋದರಲ್ಲಾ? ಡಬ್ಬದಲ್ಲಾ? ಬಸ್ಸಿನಲ್ಲಾ? ಆರು ವರ್ಷ ಬೆಂಗಳೂರಿನ ಒಂದು ಕಂಪನಿಯ ಆಪರೇಷನ್ಸ್ ವಿಭಾಗದಲ್ಲಿ ಇದೇ ಕೆಲಸ ಮಾಡಿದವಳು ನಾನು. ಯಾವ ಕೆಲಸ ಯಾರಿಂದ ಯಾರಿಗೆ ಹೋಗುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಬೇರೆಯವರ ಕೆಲಸದ ನಕ್ಷೆ ಬರೆಯುತ್ತಿದ್ದೆ. 2021ರಲ್ಲಿ ಊರಿಗೆ ಬಂದ ಮೇಲೆ ಅವ್ವನ ರೊಟ್ಟಿ ಕೆಲಸಕ್ಕೆ ಕೈ ಜೋಡಿಸಿದೆ. ಆದರೆ ಒಂದು ವರ್ಷವಾದರೂ ನಮ್ಮ ಕೆಲಸದ ನಕ್ಷೆ ಬರೆದಿರಲಿಲ್ಲ. ರೊಟ್ಟಿ ಮಾಡೋದರಲ್ಲಿ ಬರೆಯೋದೇನಿದೆ ಅಂದುಕೊಂಡಿದ್ದೆ.

ನಮ್ಮದು ವಿಜಯಪುರ ಜಿಲ್ಲೆ, ಡೋಣಿ ನದಿಯ ಸೀಮೆ. "ಡೋಣಿ ಹರಿದರೆ ಓಣಿಯೆಲ್ಲಾ ಜೋಳ" ಅನ್ನೋ ಮಾತು ನಮ್ಮ ಕಡೆ ಇದೆ. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲದಂಡಿ ಜೋಳ ಅಂದರೆ ರೊಟ್ಟಿಗೆ ಮೊದಲ ಮರ್ಯಾದೆ. ಕೆಲಸ ಮಾಡೋರು ಐದು ಜನ. ಅವ್ವ, ದೊಡ್ಡವ್ವ, ಚಿಗವ್ವ, ಮಗ್ಗುಲ ಮನೆ ಅಕ್ಕ ರೊಟ್ಟಿ ಬಡಿಯುತ್ತಾರೆ. ವೈನಿ, ಅಂದರೆ ಅಣ್ಣನ ಹೆಂಡತಿ, ಎಣಿಸಿ ಡಬ್ಬಕ್ಕೆ ತುಂಬುತ್ತಾಳೆ. ಆರ್ಡರ್, ಲೆಕ್ಕ, ಬಸ್ಸು ನನ್ನ ಪಾಲು.

ಫೋನ್ ಬಂದ ರಾತ್ರಿಯೇ ಲ್ಯಾಪ್‌ಟಾಪ್ ತೆಗೆದು ನಕ್ಷೆ ಬರೆದೆ. ಜೋಳ ಕೊಳ್ಳೋದು, ಬೀಸೋದು, ನಾದೋದು, ಬಡಿಯೋದು, ಬೇಯಿಸೋದು, ಒಣಗಿಸೋದು, ತುಂಬೋದು, ಕಳಿಸೋದು. ಎಂಟು ಚೌಕ, ಏಳು ಬಾಣ. ಮರುದಿನ ಮುಂಜಾನೆ ಅವ್ವನಿಗೆ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಇದರಾಗ ನೀರು ಕಾಯೋದು ಎಲ್ಲೈತಿ?" ಅಂದಳು. ದೊಡ್ಡವ್ವ ಕೇಳಿದಳು, "ಜ್ವಾಳ ಹಸನ ಮಾಡೋದು ಯಾರು ಮಾಡ್ಯಾರು?" ಚಿಗವ್ವನ ಪ್ರಶ್ನೆ ಬೇರೆಯೇ ಇತ್ತು. "ಗಿರಣ್ಯಾಗ ಪಾಳೆ ಹಚ್ಚಿ ನಾ ನಿಂತಿರ್ತೀನಲ್ಲ, ಅದನ್ನ ಎಲ್ಲಿ ಬರ್ದಿ?"

ಮೂವರೂ ಸರಿಯಾಗಿಯೇ ಕೇಳಿದ್ದರು. ನಾನು ನನ್ನ ತಲೆಯಲ್ಲಿದ್ದ ಕೆಲಸ ಬರೆದಿದ್ದೆ, ಅವರ ಕೈಯಲ್ಲಿದ್ದ ಕೆಲಸ ಅಲ್ಲ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರೋ ಹಾಗೆ ಗ್ಲುಟೆನ್ ಅನ್ನೋ ಅಂಟಿನ ಅಂಶ ಇರಲ್ಲ. ಕುದಿಯೋ ನೀರು ಬಿದ್ದಾಗಲೇ ಹಿಟ್ಟು ಹಿಡಿದುಕೊಳ್ಳೋದು. ನೀರು ಸರಿಯಾಗಿ ಕಾಯದಿದ್ದರೆ ರೊಟ್ಟಿ ಅಂಚಿಗೆ ಬಿರಿಯುತ್ತೆ. ಬಿರಿದ ರೊಟ್ಟಿ ಒಣಗಿದ ಮೇಲೆ ಮುಟ್ಟಿದರೆ ಮುರಿಯುತ್ತೆ. ಅಂಥ ನೀರಿಗೆ ನನ್ನ ನಕ್ಷೆಯಲ್ಲಿ ಜಾಗವೇ ಇರಲಿಲ್ಲ.

ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಪಡಸಾಲೆ ಗೋಡೆಗೆ ಕಂದು ಕಾಗದ ಹಚ್ಚಿದೆವು. ಹಳೇ ಮದುವೆ ಪತ್ರಿಕೆಗಳ ಖಾಲಿ ಮಗ್ಗಲು ಕತ್ತರಿಸಿ ಚೀಟಿ ಮಾಡಿದೆವು. ಒಂದು ಚೀಟಿಗೆ ಒಂದೇ ಕೆಲಸ. ದೊಡ್ಡವ್ವನಿಗೆ ಓದೋಕೆ ಬರಲ್ಲ. ಹಾಗಾಗಿ ಅಕ್ಷರದ ಜೊತೆ ಚಿತ್ರವೂ ಬೇಕಾಯ್ತು. ಹಸನು ಮಾಡೋದಕ್ಕೆ ಮೊರ, ಬೇಯಿಸೋದಕ್ಕೆ ಹಂಚು, ಕಳಿಸೋದಕ್ಕೆ ಬಸ್ಸು. ಗಿರಣಿಯ ಚೀಟಿಗೆ ಅಂಟು ಹಚ್ಚಿ ನಾಲ್ಕು ಕಾಳು ಜೋಳ ಅಂಟಿಸಿದಳು ಚಿಗವ್ವ. ಎಂಟು ಚೌಕ ಇದ್ದದ್ದು ಮೊದಲ ದಿನವೇ 31 ಚೀಟಿ ಆಯ್ತು.

ಆಮೇಲೆ ಹೊತ್ತು ಬರೆದುಕೊಳ್ಳೋದು ಶುರು ಮಾಡಿದೆವು. ಇದಕ್ಕೆ ನಾಲ್ಕು ದಿನ ಹಿಡಿಯಿತು. ಹಸನು ಮಾಡೋಕೆ ಕೂತಾಗ ಎಷ್ಟು ಗಂಟೆ, ಎದ್ದಾಗ ಎಷ್ಟು. ಚೀಲ ಗಿರಣಿಗೆ ಹೋದದ್ದು ಯಾವಾಗ, ಬಂದದ್ದು ಯಾವಾಗ. ಕೈ ಕೆಲಸ ನಡೆಯೋ ಕಡೆ ಬಿಳಿ ಚೀಟಿ. ಸುಮ್ನೆ ಕಾಯೋ ಕಡೆ ಕೆಂಪು ಚೀಟಿ. 400 ರೊಟ್ಟಿಯ ಒಂದು ಸರತಿಗೆ 24 ಕಿಲೋ ಜೋಳ ಬೇಕು. ಆ ಜೋಳ ಮೊರಕ್ಕೆ ಬಿದ್ದಾಗಿನಿಂದ ಡಬ್ಬ ಬಸ್ಸು ಹತ್ತೋವರೆಗೆ 43 ಗಂಟೆ ಆಗಿತ್ತು. ಅದರಲ್ಲಿ ಕೈ ಕೆಲಸ ಎಂಟು ಗಂಟೆ. ಉಳಿದ 35 ಗಂಟೆ ಎಲ್ಲಾ ಕೆಂಪು.

ಗೋಡೆ ನೋಡಿ ಎಲ್ಲರೂ ಸುಮ್ಮನಾದರು. ಅಲ್ಲಿವರೆಗೆ ತಪ್ಪು ಯಾರ ಕೈಯಲ್ಲಿ ಆಯ್ತು ಅಂತ ಹುಡುಕುತ್ತಿದ್ದೆವು. ಅಕ್ಕ ದಪ್ಪ ಬಡಿಯುತ್ತಾಳೆ, ಚಿಗವ್ವ ಉರಿ ಜಾಸ್ತಿ ಮಾಡುತ್ತಾಳೆ ಅಂತೆಲ್ಲಾ ಮಾತು ಬಂದಿತ್ತು. ಆದರೆ ಯಾರೂ ಮುಟ್ಟದ ಹೊತ್ತೇ ಅಷ್ಟೊಂದು ಇತ್ತು.

ಕೆಂಪಿನಲ್ಲಿ ದೊಡ್ಡದು ಗಿರಣಿ. ಚೀಲ ಅಲ್ಲಿ 16 ಗಂಟೆ ಕೂತಿತ್ತು. ನಮ್ಮೂರ ಗಿರಣಿ ನಡೆಯೋದು ತ್ರೀ ಫೇಸ್ ಕರೆಂಟ್ ಇದ್ದಾಗ ಮಾತ್ರ. ಕರೆಂಟ್ ಬಂದಾಗ ಊರೆಲ್ಲಾ ಅಲ್ಲೇ ಇರುತ್ತೆ. ಹಾಗಾದರೆ ಹಿಟ್ಟನ್ನೇ ಜಾಸ್ತಿ ಬೀಸಿಟ್ಟುಕೊಳ್ಳೋಣ ಅಂದೆ. ಅವ್ವ ಒಪ್ಪಲಿಲ್ಲ. ಒಳಗಿನಿಂದ ಎರಡು ಮುಷ್ಟಿ ಹಿಟ್ಟು ತಂದಳು. ಒಂದು ಅವತ್ತಿನದು, ಇನ್ನೊಂದು ಮೂರು ವಾರದ್ದು. ಎರಡಕ್ಕೂ ಒಂದೇ ನೀರು ಹಾಕಿ ನಾದಿದಳು. ಹೊಸ ಹಿಟ್ಟಿನ ಉಂಡೆ ಅಂಗೈ ಕೆಳಗೆ ಸರಸರ ಹರಡಿ ಅಂಚು ದುಂಡಗೆ ಬಂತು. ಹಳೇದು ಅರ್ಧಕ್ಕೆ ಬರೋಷ್ಟರಲ್ಲಿ ಅಂಚೆಲ್ಲಾ ಸೀಳು. "ಜಿಗಿ ಹೋಗೇತಿ ನೋಡು" ಅಂದಳು. ನಾಲಿಗೆ ಮೇಲೆ ಇಟ್ಟು ನೋಡಿದೆ, ಸಣ್ಣಗೆ ಕಹಿ. ಕಾಳಿನ ಎಣ್ಣೆ ಅಂಶ ಹಿಟ್ಟಾದ ಮೇಲೆ ಬೇಗ ಕೆಡುತ್ತೆ. ಅವ್ವನ ಲೆಕ್ಕದಲ್ಲಿ ಖಡಕ್ ರೊಟ್ಟಿಗೆ ಹಿಟ್ಟು ಐದು ದಿನಕ್ಕಿಂತ ಹಳೇದಿರಬಾರದು. ಆ ಮಾತನ್ನು ಚೀಟಿಯಲ್ಲಿ ಬರೆದು ಗಿರಣಿಯ ಪಕ್ಕ ಅಂಟಿಸಿದೆವು.

ಗಿರಣಿ ಕಾಕಾನ ಹತ್ತಿರ ಮಾತಾಡೋಕೆ ನಾನು, ಚಿಗವ್ವ ಇಬ್ಬರೂ ಹೋದೆವು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. "ಹಿಂದಿನ ದಿನ ರಾತ್ರಿ ಹೇಳಿದ್ರ ಕರೆಂಟ್ ಬಂದ ಕೂಡ್ಲೆ ಮೊದಲ ನಿಮ್ಮದ ಹಾಕ್ತೀನಿ ಬಿಡು" ಅಂದ. 16 ಗಂಟೆ ಇದ್ದದ್ದು ನಾಲ್ಕಕ್ಕೆ ಇಳಿಯಿತು. ಒಂದು ರೂಪಾಯಿ ಖರ್ಚಿಲ್ಲದೆ.

ಆದರೆ ಮುಗ್ಗಲು ವಾಸನೆಗೆ ಕಾರಣ ಗಿರಣಿ ಅಲ್ಲ. ಅದು ಸಿಕ್ಕಿದ್ದು ಒಣಗಿಸೋ ಚೀಟಿಯ ಹತ್ತಿರ.

ಖಡಕ್ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಖಡಕ್ ಆಗಿರಲ್ಲ. ಸಣ್ಣ ಉರಿಯಲ್ಲಿ ಒತ್ತಿ, ಒಲೆ ಮಗ್ಗುಲಿಗೆ ಆನಿಸಿ ನಿಲ್ಲಿಸಿ, ಆಮೇಲೆ ಗಾಳಿಗೆ ಹರವಬೇಕು. ಒಳಗಿನ ಆವಿ ಪೂರ್ತಿ ಹೋಗಬೇಕು. ಬೇಸಿಗೆಯಲ್ಲಿ ನಮ್ಮಲ್ಲಿ ಇದಕ್ಕೆ ಮೂರು ಗಂಟೆ ಸಾಕು. ಅವ್ವನಿಗೆ ಒಂದು ಪರೀಕ್ಷೆ ಇದೆ. ರೊಟ್ಟಿಯನ್ನು ಕಿವಿ ಹತ್ತಿರ ಹಿಡಿದು ಉಗುರಿನಿಂದ ನಡುವೆ ಬಡಿಯುತ್ತಾಳೆ. ಟಣ್ ಅಂದರೆ ಒಣಗಿದೆ. ದಬ್ ಅಂದರೆ ಒಳಗೆ ಇನ್ನೂ ನೀರಿದೆ. ಇದನ್ನು ಅವಳು ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅವ್ವ ಇದ್ದ ದಿನ ಈ ಪರೀಕ್ಷೆ ನಡೆಯುತ್ತಿತ್ತು, ಇಲ್ಲದ ದಿನ ಇಲ್ಲ. ಆ 600 ರೊಟ್ಟಿ ತುಂಬಿದ ಸಂಜೆ ಅವ್ವ ಮದುವೆ ಮನೆಗೆ ಹೋಗಿದ್ದಳು.

ಆದರೂ ಅದಷ್ಟೇ ಕಾರಣ ಅಂತ ನನಗೆ ಅನ್ನಿಸಲಿಲ್ಲ. ಕಂಪನಿಯಲ್ಲಿ ಕಲಿತ ಒಂದು ಲೆಕ್ಕ ನೆನಪಾಯ್ತು. ಜಾನ್ ಲಿಟಲ್ ಅನ್ನೋ ಅಮೆರಿಕದ ವಿದ್ವಾಂಸ 1961ರಲ್ಲಿ ಇದನ್ನು ಸಾಧಿಸಿ ತೋರಿಸಿದರು. ಗಂಟೆಗೆ ಎಷ್ಟು ಒಳಗೆ ಬರುತ್ತೆ, ಒಂದೊಂದು ಎಷ್ಟು ಹೊತ್ತು ಒಳಗಿರುತ್ತೆ, ಎರಡನ್ನೂ ಗುಣಿಸಿದರೆ ಸರಾಸರಿ ಎಷ್ಟು ಒಳಗಿರುತ್ತೆ ಅಂತ ಗೊತ್ತಾಗುತ್ತೆ. ಬ್ಯಾಂಕಿನ ಸಾಲಿಗೂ ಅದೇ ಲೆಕ್ಕ, ಕಾರ್ಖಾನೆಗೂ ಅದೇ.

ನಮ್ಮ ಒಬ್ಬೊಬ್ಬರ ಕೈ ಗಂಟೆಗೆ 35 ರೊಟ್ಟಿ. ನಾಲ್ವರಿಗೆ 140. ಒಣಗೋಕೆ ಮೂರು ಗಂಟೆ. ಅಂದರೆ ದಿನಪೂರ್ತಿ ಕೆಲಸ ನಡೆದರೆ ಯಾವ ಹೊತ್ತಿನಲ್ಲಿ ನೋಡಿದರೂ 420 ರೊಟ್ಟಿ ಹರವಿಕೊಂಡಿರಬೇಕು. ಒಣಗಿಸೋ ಕೋಣೆ 10 ಅಡಿಗೆ 14 ಅಡಿ. ರೊಟ್ಟಿ ಒಂಬತ್ತು ಇಂಚು ಅಗಲ. ಓಡಾಡೋಕೆ ಜಾಗ ಬಿಟ್ಟು ಎಣಿಸಿದರೆ ಅಲ್ಲಿ ಹಿಡಿಯೋದೇ 200. ಮಳೆಗಾಲದಲ್ಲಿ ಒಣಗೋಕೆ ಆರು ಗಂಟೆ ಬೇಕು. ಆಗ ಎರಡೇ ಗಂಟೆ ಬಡಿದರೂ ಕೋಣೆ ತುಂಬಿ ಚೆಲ್ಲುತ್ತೆ.

ಉಳಿದವನ್ನು ಏನು ಮಾಡುತ್ತಿದ್ದೆವು? ಒಂದರ ಮೇಲೊಂದು ಪೇರಿಸುತ್ತಿದ್ದೆವು. ಕೆಳಗಿನ ರೊಟ್ಟಿಯ ಆವಿ ಮೇಲಿನದಕ್ಕೆ. ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ಪಸೆ. ಅದನ್ನೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಡಬ್ಬ ಮುಚ್ಚಿ, ರಾತ್ರಿ ಬಸ್ಸಿಗೆ ಹಾಕುತ್ತಿದ್ದೆವು. ಒಳಗೆ ರೊಟ್ಟಿ ಬೆವರಿತ್ತು.

ಈ ಲೆಕ್ಕವನ್ನು ಎಲ್ಲರ ಮುಂದೆ ಗೋಡೆ ಮೇಲೆಯೇ ಮಾಡಿದೆ. ಅಕ್ಕ ಎದ್ದು ಕೋಣೆಯಲ್ಲಿ ಹೆಜ್ಜೆ ಹಾಕಿ ಅಳೆದು ಬಂದಳು. "ಹಂಗಾರ ನಾವು ಜಲ್ದಿ ಬಡದಷ್ಟೂ ಕೆಡ್ತಾವ" ಅಂದಳು. ಅದೇ ನಿಜ. ಆ ತಿಂಗಳು ನಾನು ಐದನೇ ಒಲೆ ಹಾಕಿಸೋ ಯೋಚನೆಯಲ್ಲಿದ್ದೆ. ಇನ್ನೊಬ್ಬರನ್ನು ಕೆಲಸಕ್ಕೆ ಕರೆಯೋಣ ಅಂತಲೂ ಮಾತಾಗಿತ್ತು. ಹಾಕಿಸಿದ್ದರೆ ಇನ್ನಷ್ಟು ರೊಟ್ಟಿ ಮುಗ್ಗುತ್ತಿದ್ದವು.

ಒಲೆ ಬಿಟ್ಟು ಮೇದಾರರ ಹತ್ತಿರ ಹೋದೆವು. ಬಿದಿರಿನ ಚೌಕಟ್ಟು, ಒಂದರ ಮೇಲೊಂದು ಆರು ತಟ್ಟೆ, ನಡುವೆ ಒಂದು ಗೇಣು ಗಾಳಿ. ಹೆಣಿಗೆ ಅಗಲವಾಗಿರಲಿ, ಕೆಳಗಿನಿಂದಲೂ ಗಾಳಿ ಆಡಲಿ ಅಂತ ಅವ್ವ ಕೂತು ಹೇಳಿ ಮಾಡಿಸಿದಳು. ಒಂದಕ್ಕೆ 2,400 ರೂಪಾಯಿ, ಮೂರು ಮಾಡಿಸಿದೆವು. ಒಂದೊಂದರಲ್ಲೂ 180 ರೊಟ್ಟಿ. ಮೂರೂ ಸೇರಿ 540. ಅದೇ ಕೋಣೆ, ಅರ್ಧಕ್ಕಿಂತ ಕಡಿಮೆ ಜಾಗ. ಮಳೆಗಾಲಕ್ಕೆ ಮಾತ್ರ ಬೇರೆ ದಾರಿ ಹಿಡಿದೆವು. ಜುಲೈ, ಆಗಸ್ಟ್‌ನಲ್ಲಿ ದಿನಕ್ಕೆ 400ರ ಮೇಲೆ ಖಡಕ್ ರೊಟ್ಟಿ ಮಾಡಲ್ಲ. ಆ ತಿಂಗಳು ಊರ ಸುತ್ತಲಿನ ಖಾನಾವಳಿಗಳಿಗೆ ಬಿಸಿ ರೊಟ್ಟಿ ಕೊಡುತ್ತೇವೆ. ಆರ್ಡರ್ ಬಿಟ್ಟುಕೊಡೋದು ಕಷ್ಟ ಆಯ್ತು. ಆದರೆ ಮಾಡೋಕೆ ಆಗದ್ದನ್ನು ಮುಂಚೆಯೇ ಹೇಳೋದು ಗಿರಾಕಿಗೆ ನಾವು ಕೊಡೋ ಮರ್ಯಾದೆ ಅಂತ ನಾನು ನಂಬುತ್ತೇನೆ.

ಒಣಗಿಸೋ ಚೀಟಿ ಆದ ಮೇಲೆ, ತುಂಬೋ ಮುಂಚೆ, ಗೋಡೆ ಮೇಲೆ ಒಂದು ಕಿವಿಯ ಚಿತ್ರ ಬಂತು. ಪ್ರತಿ ತಟ್ಟೆಯಿಂದ ಮೂರು ರೊಟ್ಟಿ ತೆಗೆದು ಬಡಿದು ಕೇಳಬೇಕು. ಒಂದು ದಬ್ ಅಂದರೂ ಆ ತಟ್ಟೆ ಇನ್ನೊಂದು ಗಂಟೆ ಅಲ್ಲೇ. ಅವ್ವ ಎಲ್ಲರಿಗೂ ಕೂರಿಸಿ ಕಲಿಸಿದಳು. ವೈನಿಗೆ ಈಗ ಅವ್ವನಿಗಿಂತ ಚೆನ್ನಾಗಿ ಕೇಳುತ್ತೆ.

ಮುರಿಯೋ ವಿಷಯಕ್ಕೆ ಬರ್ತೀನಿ. ಇದು ದುಡ್ಡಿನ ವಿಷಯವೂ ಹೌದು.

ಒಂದು ರೊಟ್ಟಿಗೆ ಎಷ್ಟು ಬೀಳುತ್ತೆ ಅಂತ ಚೀಟಿ ಚೀಟಿಗೂ ಬರೆದೆವು. ಆಗ ನಮಗೆ ಜೋಳ ಕಿಲೋಗೆ 40 ರೂಪಾಯಿ ಬೀಳುತ್ತಿತ್ತು. ಕಿಲೋಗೆ 16ರಿಂದ 17 ರೊಟ್ಟಿ. ಜೋಳ ಎರಡೂವರೆ ರೂಪಾಯಿ, ಬೀಸಿದ್ದು 25 ಪೈಸೆ, ಉರುವಲು 80 ಪೈಸೆ, ಬಡಿದವರಿಗೆ 2 ರೂಪಾಯಿ, ಡಬ್ಬ 60 ಪೈಸೆ, ಬಸ್ಸು 50 ಪೈಸೆ. ಒಟ್ಟು 6 ರೂಪಾಯಿ 65 ಪೈಸೆ. ನಾವು ಅಂಗಡಿಗೆ ಕೊಡುತ್ತಿದ್ದದ್ದು 7 ರೂಪಾಯಿಗೆ. 35 ಪೈಸೆ ಉಳಿಯುತ್ತೆ ಅಂದುಕೊಂಡಿದ್ದೆವು. ಆದರೆ 100 ಮಾಡಿದರೆ 12 ಮುರಿಯುತ್ತಿದ್ದವು. ಮಾರಾಟಕ್ಕೆ ಸಿಗೋದು 88. ಅದಕ್ಕೆ 616 ರೂಪಾಯಿ. ಖರ್ಚು 665. ನೂರು ರೊಟ್ಟಿಗೆ 49 ರೂಪಾಯಿ ಕೈಯಿಂದ ಹೋಗುತ್ತಿತ್ತು. ಅದರಲ್ಲಿ ಹಸನು ಮಾಡಿದವರ, ತುಂಬಿದವರ ಕೂಲಿ ಸೇರಿರಲೇ ಇಲ್ಲ. ದೊಡ್ಡವ್ವ ತಿಂಗಳುಗಟ್ಟಲೆ ಸೊಂಟ ಬಗ್ಗಿಸಿ ಜೋಳ ಹಸನು ಮಾಡಿದ್ದಕ್ಕೆ ಲೆಕ್ಕದಲ್ಲಿ ಸೊನ್ನೆ ಇತ್ತು. ಅದನ್ನು ನೋಡಿ ನನಗೆ ತುಂಬಾ ನೋವಾಯ್ತು.

ಒಂದು ರೊಟ್ಟಿಯ ಹಿಂದೆ ಹೋಗಿ ಅದನ್ನು ಎಷ್ಟು ಸಲ ಎತ್ತುತ್ತೇವೆ ಅಂತ ಎಣಿಸಿದೆ. ಹಂಚಿನಿಂದ ಒಲೆ ಮಗ್ಗುಲಿಗೆ, ಅಲ್ಲಿಂದ ಬುಟ್ಟಿಗೆ, ಬುಟ್ಟಿಯಿಂದ ಕೋಣೆಯ ಜಮಖಾನೆಗೆ, ಅಲ್ಲಿಂದ ಪೇರಿಸೋಕೆ, ಪೇರಿಸಿದ್ದು ಪಡಸಾಲೆಗೆ, ಎಣಿಸೋಕೆ, ಡಬ್ಬಕ್ಕೆ. ಏಳು ಸಲ. ಬಿದಿರಿನ ತಟ್ಟೆ ಬಂದ ಮೇಲೆ ನಾಲ್ಕೇ ಸಲ. ಹಂಚಿನಿಂದ ಒಲೆ ಮಗ್ಗುಲಿಗೆ, ಅಲ್ಲಿಂದ ನೇರ ತಟ್ಟೆಗೆ, ತಟ್ಟೆಯಲ್ಲೇ ಎಣಿಕೆ, ಅಲ್ಲಿಂದ ಡಬ್ಬಕ್ಕೆ.

ಡಬ್ಬದ್ದು ಬೇರೆ ತೊಂದರೆ. ಡಬ್ಬ 12 ಇಂಚು, ರೊಟ್ಟಿ ಒಂಬತ್ತು. ಬಸ್ಸು ಕುಲುಕಿದಾಗೆಲ್ಲಾ ಒಳಗೆ ಜಾರಾಡುತ್ತಿದ್ದವು. ಹತ್ತು ಇಂಚಿನ ಡಬ್ಬ ತರಿಸೋಣ ಅಂದರೆ ಚಿಗವ್ವನ ರೊಟ್ಟಿ ಹತ್ತೂಕಾಲು ಇಂಚು ಬರುತ್ತೆ! ಎಲ್ಲರೂ ಒಂದೇ ಅಳತೆಗೆ ಬಡಿಯಲಿ ಅಂತ ಬಳೆಯಾಕಾರದ ಅಚ್ಚು ಇಡೋ ಸಲಹೆ ಬಂತು. ನಾನು ಬೇಡ ಅಂದೆ. ಚಿಗವ್ವ ನಲವತ್ತು ವರ್ಷದಿಂದ ಅದೇ ಅಗಲಕ್ಕೆ, ಅದೇ ತೆಳುವಿಗೆ ಬಡಿಯುತ್ತಿದ್ದಾಳೆ. ಆ ಕೈಗೆ ಅಚ್ಚು ಹಾಕೋದು ನನಗೆ ಸರಿ ಕಾಣಲಿಲ್ಲ. ಎರಡು ಅಳತೆಯ ಡಬ್ಬ ತರಿಸಿದೆವು. ಸ್ವಲ್ಪ ಖರ್ಚು ಜಾಸ್ತಿ ಆಯ್ತು, ಆಗಲಿ. ಮುರಿಯೋದು ನೂರಕ್ಕೆ ನಾಲ್ಕಕ್ಕೆ ಇಳಿಯಿತು. ದರ ಒಂಬತ್ತು ರೂಪಾಯಿ ಮಾಡಿದೆವು. ಹಸನು ಮಾಡೋರಿಗೂ, ವೈನಿಗೂ ಕೂಲಿ ಲೆಕ್ಕಕ್ಕೆ ಬಂತು. ಇಬ್ಬರು ಅಂಗಡಿಯವರು ದರ ಕೇಳಿ ಬಿಟ್ಟರು. ಉಳಿದವರು ಉಳಿದರು.

ಕಾಗದಪತ್ರದ ಕೆಲಸ ಬೇಗ ಹೇಳಿಬಿಡ್ತೀನಿ. ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನ ವಹಿವಾಟಿಗೆ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿ ಸಾಕು ಅಂತ ಆಗ ಇತ್ತು. ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. 14 ಅಂಕಿಯ ನಂಬರ್ ಬರುತ್ತೆ, ಅದು ಲೇಬಲ್ ಮೇಲೆ ಇರಬೇಕು. ಜೊತೆಗೆ ತಯಾರಿಸಿದ ದಿನ, ಎಂಆರ್‌ಪಿ, ಎಷ್ಟಿದೆ ಅನ್ನೋ ಅಳತೆ, ನಮ್ಮ ವಿಳಾಸ, ದೂರು ಹೇಳೋಕೆ ಫೋನ್ ನಂಬರ್. ಇದರಲ್ಲಿ ಕಷ್ಟ ಏನಿಲ್ಲ.

ಲೇಬಲ್ ಬರೆಯುವಾಗ ಗೋಡೆ ನಮ್ಮನ್ನು ಒಂದು ದೊಡ್ಡ ತಪ್ಪಿನಿಂದ ಉಳಿಸಿತು. 2023 ಸಿರಿಧಾನ್ಯಗಳ ಅಂತರರಾಷ್ಟ್ರೀಯ ವರ್ಷ. ಜೋಳದ ರೊಟ್ಟಿ ಕೇಳೋರು ಜಾಸ್ತಿ ಆದರು. "ಗ್ಲುಟೆನ್ ಫ್ರೀ ಅಂತ ಹಾಕಿ, ಇನ್ನೂ ಚೆನ್ನಾಗಿ ಹೋಗುತ್ತೆ" ಅಂತ ಒಬ್ಬ ಗಿರಾಕಿ ಹೇಳಿದರು. ಜೋಳದಲ್ಲಿ ಗ್ಲುಟೆನ್ ಇಲ್ಲ ಅಲ್ವಾ, ಹಾಕೋಣ ಅಂತ ನಾನೂ ಹೊರಟೆ. ಗೋಡೆ ಮುಂದೆ ನಿಂತು ಚೀಟಿಗಳನ್ನು ಒಂದೊಂದಾಗಿ ನೋಡುತ್ತಾ ಬಂದಾಗ ಗಿರಣಿಯ ಹತ್ತಿರ ಕಣ್ಣು ನಿಂತಿತು. ನಮ್ಮ ಜೋಳಕ್ಕಿಂತ ಮುಂಚೆ ಅದೇ ಕಲ್ಲಿನಲ್ಲಿ ಯಾರದೋ ಗೋಧಿ ಬೀಸಿರುತ್ತಾರೆ. ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದು ಅನ್ನೋದು ನಿಯಮ. ಗೋಧಿ ಬೀಸಿದ ಕಲ್ಲಿನ ಹಿಟ್ಟಿಗೆ ಆ ಮಾತು ಕೊಡೋಕೆ ಆಗಲ್ಲ. ಗ್ಲುಟೆನ್ ತಿಂದರೆ ಕರುಳಿಗೆ ಆಗದ ಸೀಲಿಯಾಕ್ ಕಾಯಿಲೆ ಇರೋರು ಆ ಎರಡು ಪದ ನಂಬಿ ತಿಂದಿದ್ದರೆ? ಆ ಪದ ಬಿಟ್ಟೆವು. ಗೋಧಿಯೂ ಬೀಸುವ ಗಿರಣಿಯ ಹಿಟ್ಟು ಅಂತ ಲೇಬಲ್ ಮೇಲೆಯೇ ಬರೆದೆವು.

ಗೋಡೆಯ ಮೇಲುಗಡೆ ಆಮೇಲೆ ಒಂದು ಅಡ್ಡಗೆರೆ ಎಳೆದೆವು. ಇದನ್ನು ನಾನು ಅಮೆರಿಕದ ಬ್ಯಾಂಕ್ ಅಧಿಕಾರಿಯಾಗಿದ್ದ ಜಿ. ಲಿನ್ ಶೋಸ್ಟ್ಯಾಕ್ ಅವರ ಬರಹದಿಂದ ಕಲಿತದ್ದು. 1984ರಲ್ಲೇ ಅವರು ಬೂಟ್ ಪಾಲಿಶ್ ಮಾಡೋರ ಕೆಲಸ ಇಟ್ಟುಕೊಂಡು ಇದನ್ನು ತೋರಿಸಿಕೊಟ್ಟಿದ್ದರು. ಗೆರೆಯ ಮೇಲೆ ಗಿರಾಕಿಗೆ ಕಾಣೋದು, ಕೆಳಗೆ ಕಾಣದ್ದು. ನಮ್ಮಲ್ಲಿ ಗೆರೆಯ ಮೇಲೆ ಬಂದದ್ದು ಮೂರೇ ಚೀಟಿ. ಗಿರಾಕಿ ಫೋನ್ ಮಾಡೋದು, ಡಬ್ಬ ಕೈಗೆ ಸಿಗೋದು, ದುಡ್ಡು ಹಾಕೋದು. ಫೋನ್ ಮಾಡಿದ ಮೇಲೆ ಡಬ್ಬ ಸಿಗೋವರೆಗೆ ನಾಲ್ಕೈದು ದಿನ ನಮ್ಮಿಂದ ಒಂದು ಮಾತೂ ಹೋಗುತ್ತಿರಲಿಲ್ಲ. ಅಷ್ಟು ದಿನ ಅವರು ಏನಂದುಕೊಳ್ಳಬೇಕು? ಈಗ ಎರಡು ಚೀಟಿ ಸೇರಿಸಿದ್ದೇವೆ. ಆರ್ಡರ್ ಹಿಡಿದ ದಿನ ಒಂದು ವಾಟ್ಸಾಪ್ ಮೆಸೇಜು, ಬಸ್ಸಿಗೆ ಹಾಕಿದ ಸಂಜೆ ರಸೀದಿಯ ಫೋಟೋ. ಆರ್ಡರ್ ಫೋನಿನಲ್ಲೇ ಉಳಿಯಬಾರದು ಅಂತ ವೈನಿ ನೋಟ್‌ಬುಕ್ ಇಟ್ಟಳು. ಅದಕ್ಕೂ ಮೊದಲು ಎರಡು ಆರ್ಡರ್ ನನ್ನ ಮರೆವಿನಿಂದಲೇ ತಪ್ಪಿದ್ದವು.

ಆ ಬೆಂಗಳೂರಿನ ಅಂಗಡಿಗೆ ನಾನೇ ಫೋನ್ ಮಾಡಿ, ಏನು ತಪ್ಪಾಗಿತ್ತು, ಏನು ಬದಲಾಯಿಸಿದೆವು ಅಂತ ಹೇಳಿದೆ. 600 ರೊಟ್ಟಿಯ ದುಡ್ಡು ಬೇಡ, ಈಗ 50 ಕಳಿಸ್ತೀನಿ, ಹದಿನೈದು ದಿನ ಇಟ್ಟು ನೋಡಿ ಅಂದೆ. ಇಪ್ಪತ್ತನೇ ದಿನ ಅವರೇ ಫೋನ್ ಮಾಡಿ 300ಕ್ಕೆ ಆರ್ಡರ್ ಕೊಟ್ಟರು.

ಕಳೆದ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಭಾರಿ ಆರ್ಡರ್ ಬಂದಿತ್ತು. ಮುಂಜಾನೆ ನಾನು ಏಳೋಷ್ಟರಲ್ಲಿ ದೊಡ್ಡವ್ವ ಗೋಡೆ ಮುಂದೆ ನಿಂತಿದ್ದಳು. ಎಳ್ಳು ಹಸನು ಮಾಡೋದಕ್ಕೆ ತಾನೇ ಒಂದು ಚೀಟಿ ಮಾಡಿ, ಒಂದು ಚಿಟಿಕೆ ಎಳ್ಳು ಅಂಟಿಸಿದ್ದಳು. ಒಣಗಿಸೋ ಹತ್ತಿರ ಇದ್ದ ಕೆಂಪು ಚೀಟಿ ಅಲ್ಲಿರಲಿಲ್ಲ. ಅದನ್ನು ಕಿತ್ತು ಡಬ್ಬದ ಚಿತ್ರದ ಪಕ್ಕ ಹಚ್ಚಿದ್ದಳು.

"ತಟ್ಟಿ ತುಂಬಾ ರೊಟ್ಟಿ ಒಣಗಿ ಕುಂತಾವ" ಅಂದಳು. "ಡಬ್ಬಿನ ಇಲ್ಲ. ಮೊದಲ ಡಬ್ಬಿ ಕೊಡೋರಿಗೆ ಫೋನ್ ಹಚ್ಚು."